ಡ್ರೈವರ್ ಬದಿಯ ಚಕ್ರ

ಬಾಣ ಹೊರಗಿನ ಚುಕ್ಕಿಯ ಮೇಲಿತ್ತು.

ಗ್ರೀಸಮ್ಮ ತಂತಿ ಬ್ರಷ್ಷನ್ನು ಕೆಳಗಿಟ್ಟು, ಹೆಬ್ಬೆರಳಿನಿಂದ ತುಕ್ಕಿನ ಹುಡಿ ಒರೆಸಿ ಇನ್ನೊಮ್ಮೆ ನೋಡಿದಳು. ಕಣ್ಣಿಗೆ ಬೆವರು ಇಳಿದಿರಬಹುದೆಂದು ಮೊಣಕೈಯಿಂದ ಹಣೆ ಉಜ್ಜಿಕೊಂಡು ಮೂರನೆಯ ಸಲ ನೋಡಿದಳು. ಮೂವತ್ತೆರಡು ವರ್ಷ ಹೊಳೆಯ ಹೂಳಿನೊಳಗೆ ಕದಲದೆ ಕೂತಿದ್ದ ಬಾಣ ಇವಳ ಮುಲಾಜಿಗೆ ಈಗ ಕದಲುವುದುಂಟೇ?

ಡ್ರೈವರ್ ಬದಿಯ ಮುಂದಿನ ಚಕ್ರ ಬಿಟ್ಟುಕೊಂಡಿತ್ತು.

ನಿನ್ನೆ ಸಂಜೆ ಇದೇ ಗಾಡಿಯ ಹೊಟ್ಟೆಯಡಿ ನೀರಿನ ಬಿರಡೆ ಬಿಗಿದಿದ್ದನ್ನು ಕಂಡು, ಅಪ್ಪ ನಿರಪರಾಧಿ ಎಂದು ಅವಳು ಮನಸ್ಸಿನಲ್ಲೇ ತೀರ್ಪು ಬರೆದಾಗಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಈ ಬಾಣ ಆ ತೀರ್ಪನ್ನು ಹರಿದು ಅವಳ ಕೈಗೇ ಕೊಟ್ಟಿತು.

ಬಿರಡೆಯ ವಿಷಯ ಸರಳ. ಆ ಕಾಲದ ಇಂಥ ಗಾಡಿಗಳ ಕ್ಲಚ್ ಡಬ್ಬಿಯ ತಳದಲ್ಲೊಂದು ತೂತು. ಸೋರಿದ ಎಣ್ಣೆ ತೊಟ್ಟಿಕ್ಕಿ ಹೋಗಲೆಂದು ಅದು ಸದಾ ತೆರೆದಿರಬೇಕು. ಆಳದ ನೀರಿಗೆ ಇಳಿಯುವ ಮುಂಚೆ ಮಾತ್ರ ಗಾಡಿ ನಿಲ್ಲಿಸಿ, ಅಡಿಗೆ ನುಸುಳಿ, ಆ ತೂತಿಗೆ ಬಿರಡೆ ತಿರುಗಿಸಬೇಕು. ಈ ಗಾಡಿಯ ಡ್ರೈವರಾಗಿದ್ದ ಅಪ್ಪನ ಬಗ್ಗೆ ಗಣಿ ಕಂಪನಿಯ ವರದಿಯಲ್ಲಿ ಬರೆದದ್ದೇನು? ‘ಚಾಲಕ ಕುಡಿದು, ರಾತ್ರಿ ನಿದ್ದೆಗೆ ಜಾರಿ, ಗಾಡಿಯನ್ನು ದಡದಿಂದ ಉರುಳಿಸಿದ.’ ಕುಡಿದು ನಿದ್ದೆ ಹೋದವನು ನಡುವೆ ಎದ್ದು, ಗಾಡಿಯಡಿ ಮಲಗಿ, ಬಿರಡೆ ಬಿಗಿದು, ಮತ್ತೆ ಬಂದು ನಿದ್ದೆ ಮುಂದುವರಿಸುವುದಿಲ್ಲ.

ಕಂಪನಿಯ ವರದಿಗಳಲ್ಲಿ ತಪ್ಪು ಯಾವಾಗಲೂ ಸತ್ತವನದೇ. ಎದ್ದು ಬಂದು ಅಲ್ಲ ಅನ್ನುವ ತಾಕತ್ತು ಅವನಿಗಿಲ್ಲವಲ್ಲ.

ಆದರೆ ಈ ಚಕ್ರ?

ಮುಂದಿನ ಒಂದೊಂದು ಚಕ್ರದ ನಡುಮಧ್ಯದಲ್ಲೂ ಕೈಯಿಂದ ತಿರುಗಿಸುವ ಬಿಲ್ಲೆಯಿದೆ. ಅದರ ಬಾಣವನ್ನು ಒಳಗಿನ ಗೆರೆಗೆ ತಂದರೆ ಎಂಜಿನ್ನು ಆ ಚಕ್ರವನ್ನು ಹಿಡಿಯುತ್ತದೆ, ಹೊರಗಿನ ಚುಕ್ಕಿಗೆ ತಂದರೆ ಬಿಡುತ್ತದೆ. ನೀರಿಗೆ ಇಳಿಯುವಾಗ ಎರಡೂ ಹಿಡಿದಿರಲೇಬೇಕು. ಒಂದನ್ನು ಬಿಟ್ಟರೂ ಎಂಜಿನ್ನಿನ ಬಲವೆಲ್ಲ ಆ ಕಡೆ ಪೋಲಾಗಿ, ಮುಂದಿನ ಎರಡು ಚಕ್ರಗಳೂ ದಂಡಪಿಂಡ. ಗಾಡಿ ನಡುನೀರಿನಲ್ಲಿ ಎಮ್ಮೆಯಂತೆ ಕೂತುಬಿಡುತ್ತದೆ.

ಅವಳು ಎದ್ದು ಡ್ರೈವರ್ ಪಕ್ಕದ ಸೀಟಿನ ಬದಿಗೆ ಹೋದಳು. ಅಲ್ಲಿನ ಬಿಲ್ಲೆಯನ್ನು ಉಜ್ಜಿದಳು. ಬಾಣ ಒಳಗಿನ ಗೆರೆಯ ಮೇಲೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ, ಶಿಸ್ತಾಗಿ ನಿಂತಿತ್ತು.

ಒಂದು ಹಿಡಿದಿದೆ, ಒಂದು ಬಿಟ್ಟಿದೆ. ತಲೆ ಗೊಬ್ಬರದ ಗುಂಡಿಯಾಯಿತು.

ಬಿಟ್ಟಿರುವುದು ಪಕ್ಕದ ಬದಿಯದಾಗಿದ್ದರೆ ಅವಳು ಇಷ್ಟು ಕುಸಿಯುತ್ತಿರಲಿಲ್ಲ. ಅವಳೂ ಮಾವನೂ ನಡೆಸುವ ಈ ರಿಪೇರಿ ಷೆಡ್ಡಿನಲ್ಲಿ ಒಂದು ಪದ್ಧತಿಯಿದೆ. ಇಬ್ಬರು ಒಂದು ಗಾಡಿಗೆ ಕೈ ಹಾಕಿದರೆ ಡ್ರೈವರ್ ಬದಿ ಒಬ್ಬರದು, ಪಕ್ಕದ ಬದಿ ಇನ್ನೊಬ್ಬರದು. ಒಬ್ಬರ ಬದಿಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಸರಿಯಾಗಿದೆಯೇ ಎಂದು ಬಗ್ಗಿ ನೋಡುವುದು ಕೂಡ ಅವಮಾನ. ತನ್ನ ಬದಿ ಮುಗಿಸಿದವರು ಬಾನೆಟ್ಟಿನ ಮೇಲೆ ಗೆಣ್ಣಿನಿಂದ ಎರಡು, ಅಂಗೈಯಿಂದ ಒಂದು ಏಟು ಹಾಕಬೇಕು. ಟಕ್, ಟಕ್, ಧಪ್. ಎರಡೂ ಬದಿಯ ಏಟು ಬಿದ್ದ ಮೇಲೇ ಗಾಡಿ ಹೊರಡುವುದು. ಇದನ್ನು ಕಟ್ಟಿದವನು ಅಪ್ಪ. ಅಪ್ಪನಿಂದ ಮಾವ, ಅಂದರೆ ಅಮ್ಮನ ತಮ್ಮ, ಕಲಿತ, ಮಾವನಿಂದ ಇವಳು. ಲೋಕದಲ್ಲಿ ನಾಲ್ಕನೆಯವರಿಗೆ ಇದು ಗೊತ್ತಿಲ್ಲ.

ಅಂದಮೇಲೆ ಡ್ರೈವರ್ ಬದಿ ಅಪ್ಪನದು. ಮರೆತವನೂ ಅಪ್ಪನೇ.

ನಾಳೆ ಬೆಳಿಗ್ಗೆ ಕಂಪನಿಯ ಟ್ರೇಲರ್ ಬಂದು ಗಾಡಿಯನ್ನು ಒಯ್ಯುತ್ತದೆ. ಅವರ ಹೊಸ ಕಚೇರಿಯ ಗಾಜಿನ ಹಜಾರದಲ್ಲಿ ಅದನ್ನು ನಿಲ್ಲಿಸುತ್ತಾರಂತೆ. ಅದರ ಡ್ಯಾಶ್‌ಬೋರ್ಡಿಗೆ ಜಡಿಯಲು ಹಿತ್ತಾಳೆಯ ಫಲಕವನ್ನು ಇವತ್ತು ಮಧ್ಯಾಹ್ನ ತರುತ್ತಾರಂತೆ. ಅದರ ಒಕ್ಕಣೆಯನ್ನು ಅವಳು ಆಗಲೇ ಓದಿದ್ದಳು. ‘ಚಾಲಕನ ನಿರ್ಲಕ್ಷ್ಯಕ್ಕೆ ಬಲಿಯಾದ ನಮ್ಮ ಧೀರ ಸರ್ವೇ ಅಧಿಕಾರಿಯ ನೆನಪಿಗೆ.’ ಕಾಗದದ ಮೇಲಿನ ಸುಳ್ಳನ್ನು ಗೆದ್ದಲಾದರೂ ತಿಂದೀತು. ಹಿತ್ತಾಳೆಯದು ಮೊಮ್ಮಕ್ಕಳ ಕಾಲಕ್ಕೂ ಹೊಳೆಯುತ್ತದೆ. ಆ ಸ್ಕ್ರೂ ಒಳಗೆ ಹೋಗುವ ಮೊದಲು ಒಂದು ಗಟ್ಟಿ ಸಾಕ್ಷಿ ಬೇಕು ಎಂದು ಎರಡು ತಿಂಗಳಿಂದ ಅವಳು ಈ ಗಾಡಿಯನ್ನು ಬಿಚ್ಚಿ ಕಟ್ಟಿ ಮಾಡುತ್ತಿದ್ದಳು. ಸಿಕ್ಕಿದ್ದು ಇದು.

ಗಾಡಿಗೆ ಅವಳಿಟ್ಟ ಹೆಸರು ಮುದುಕಿ. ಬೆಟ್ಟ, ಮರಳು, ಹೊಳೆ ಯಾವುದಕ್ಕೂ ಜಗ್ಗದೆ ಸರ್ವೇ ತಂಡಗಳನ್ನು ಹೊತ್ತು ತಿರುಗಿದ ಚೌಕು ಮೈಯ ಒರಟು ಗಾಡಿ. ಹೊಳೆಯ ನೀರು ಬತ್ತಿ ಹೂಳಿನಿಂದ ತಲೆ ಹೊರಗೆ ಹಾಕಿದಾಗ ಕಂಪನಿಗೆ ಪ್ರೀತಿ ಉಕ್ಕಿತು. ಇಂಥ ಗಾಡಿಗೆ ಕೈ ಹಾಕಬಲ್ಲ ಷೆಡ್ಡು ಸುತ್ತಮುತ್ತ ಇದೊಂದೇ. ಕೆಲಸ ಬೇಡವೇ ಬೇಡ ಎಂದು ಮಾವ ತಲೆಯಾಡಿಸಿದ್ದ. ತಾನು ಯಾರ ಮಗಳೆಂದು ಬಾಯಿಬಿಡದೆ ಇವಳೇ ಒಪ್ಪಿಕೊಂಡಿದ್ದಳು.

ಅವತ್ತಿನಿಂದ ಮಾವ ಮುದುಕಿಯ ಮುಂಭಾಗಕ್ಕೆ ಬಂದದ್ದೇ ಇಲ್ಲ. ಹಿಂದುಗಡೆಯ ತಗಡು ಬೆಸೆಯುತ್ತಾ, ಮುಖಕ್ಕೆ ವೆಲ್ಡಿಂಗ್ ಮುಸುಕು ಹಾಕಿಕೊಂಡು ಕೂತುಬಿಡುತ್ತಿದ್ದ. ಹೊರಗಿಂದ ಬಣ್ಣ ಬಳಿದರೆ ಸಾಕು, ಒಳಗಿನದನ್ನು ಯಾಕೆ ಕೆದಕುತ್ತೀ ಎಂದು ದಿನಕ್ಕೆರಡು ಸಲವಾದರೂ ಗೊಣಗುತ್ತಿದ್ದ. ಬಣ್ಣ ಸಾಕು ಎಂದು ಕಂಪನಿಯವರು ಹೇಳಿದ್ದರೆ ಅದಕ್ಕೊಂದು ಅರ್ಥವಿತ್ತು. ಸಡಿಲ ನಟ್ಟು ಕಂಡರೆ ಊಟ ಬಿಡುವ ಮಾವ ಹೇಳುವುದೆಂದರೆ?

ಗ್ರೀಸಮ್ಮ ಗೋಡೆಗೊರಗಿ ನಿಂತು ಮತ್ತೆ ಲೆಕ್ಕ ಹಾಕಿದಳು. ಗಾಡಿಯಲ್ಲಿದ್ದವರು ಇಬ್ಬರೇ: ಸರ್ವೇ ಸಾಹೇಬ ಮತ್ತು ಅಪ್ಪ. ಸಾಹೇಬನ ಹೆಣ ಮೂರನೆಯ ದಿನ ಸಿಕ್ಕಿತು. ಅಪ್ಪನದು ಸಿಗಲೇ ಇಲ್ಲ. ಅಪ್ಪನ ಸಹಾಯಕನಾಗಿದ್ದ ಮಾವ ಹಿಂದಿನ ಬಿಡಾರದಲ್ಲಿ ಡೇರೆ ಕಾಯುತ್ತಿದ್ದ. ಅವಳು ಬುದ್ಧಿ ಬಂದಾಗಿನಿಂದ ಕೇಳಿದ ಕಥೆ ಇಷ್ಟೇ.

ಹಾಗಾದರೆ ಪಕ್ಕದ ಬದಿಯ ಚಕ್ರವನ್ನು ಹಿಡಿಸಿದವರು ಯಾರು?

ಅಪ್ಪನೇ ಎನ್ನಲು ಮನಸ್ಸು ಒಪ್ಪಲಿಲ್ಲ. ಒಬ್ಬನೇ ಇದ್ದರೆ ತನ್ನ ಬದಿಯಿಂದ ಶುರು ಮಾಡಿರುತ್ತಿದ್ದ. ತನ್ನದನ್ನು ಬಿಟ್ಟು ಆ ಬದಿಯದನ್ನು ಮಾತ್ರ ಯಾಕೆ ಮಾಡುತ್ತಾನೆ? ಸಾಹೇಬನೇ ಎನ್ನಲು ಸಾಹೇಬನಿಗೆ ಬಿಲ್ಲೆ ಯಾವುದು ಮುಚ್ಚಳ ಯಾವುದು ತಿಳಿಯದು. ಒಂದು ಸುಳಿವು ಅಪ್ಪನನ್ನು ಎತ್ತಿ ನಿಲ್ಲಿಸುತ್ತದೆ, ಇನ್ನೊಂದು ಕಾಲು ಹಿಡಿದು ಎಳೆಯುತ್ತದೆ, ಮೂರನೆಯದು ಅವೆರಡನ್ನೂ ನೋಡಿ ಹಲ್ಲು ಕಿರಿಯುತ್ತದೆ. ಯಾವುದನ್ನು ನಂಬುವುದು?

ತಲೆ ಓಡದಾಗ ಕೈ ಓಡಿಸಬೇಕು ಎಂದುಕೊಂಡು ಅವಳು ಗ್ರೈಂಡರ್ ಎತ್ತಿಕೊಂಡಳು. ಡ್ರೈವರ್ ಸೀಟಿನ ಹಳಿ ಅವಳ ಪಾಲಿನ ಹಳೇ ವೈರಿ. ಸೀಟು ತೀರಾ ಮುಂದಿನ ಕಚ್ಚಿಗೆ ಸಿಕ್ಕಿಕೊಂಡು, ತುಕ್ಕು ಹಿಡಿದು, ಕಲ್ಲಾಗಿತ್ತು. ಮೂರು ದಿನದಿಂದ ಎಣ್ಣೆ ಕುಡಿಸಿದ್ದಳು, ಸುತ್ತಿಗೆಯಿಂದ ಸಂತೈಸಿದ್ದಳು, ಬಾಯಿಗೆ ಬಂದಂತೆ ಬೈದೂ ನೋಡಿದ್ದಳು. ಒಳಗೆ ಕೂತರೆ ಮೊಣಕಾಲು ಸ್ಟಿಯರಿಂಗಿಗೆ ಬಡಿದು ನೀಲಿಗಟ್ಟುತ್ತಿತ್ತು. ಹಜಾರಕ್ಕೆ ಬರುವ ಅತಿಥಿಗಳು ಸೀಟಿನಲ್ಲಿ ಕೂತು ಫೋಟೋ ತೆಗೆಸಿಕೊಳ್ಳಬೇಕು, ಹಿಂದಕ್ಕೆ ಸರಿಸಿಕೊಡಿ ಎಂದು ಕಂಪನಿಯ ಆಜ್ಞೆ ಬೇರೆ. ಇನ್ನು ಕೊಯ್ದು ತೆಗೆಯುವುದೊಂದೇ ದಾರಿ.

ಗ್ರೈಂಡರ್ ಗುಂಯ್ ಎನ್ನುವಷ್ಟರಲ್ಲಿ ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಕೈಯಲ್ಲಿ ಊಟದ ಡಬ್ಬಿ.

ಅಮ್ಮ ಈ ಎರಡು ತಿಂಗಳಲ್ಲಿ ಷೆಡ್ಡಿನ ಹೊಸ್ತಿಲು ದಾಟಿರಲಿಲ್ಲ. ಗಂಡ ಸತ್ತ ವಾರದೊಳಗೆ ಕಂಪನಿಯ ಮನೆಯಿಂದ ಮೂರು ವರ್ಷದ ಮಗಳ ಸಮೇತ ಬೀದಿಗೆ ಬಿದ್ದವಳು. ಕುಡುಕನ ಹೆಂಡತಿ ಎಂಬ ಬಿರುದು ಹೊತ್ತು ಇಪ್ಪತ್ತು ವರ್ಷ ಲಾಂಡ್ರಿಯಲ್ಲಿ ಕಂಡವರ ಅಂಗಿ ಇಸ್ತ್ರಿ ಮಾಡಿದವಳು. ಇವತ್ತು ಯಾಕೋ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಸೀದಾ ಒಳಗೆ ಬಂದಳು. ಮುದುಕಿಯನ್ನು ಒಂದು ಸುತ್ತು ನೋಡಿದಳು. ಹೆಣ್ಣು ನೋಡಲು ಬಂದವರಂತೆ ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಮಗಳನ್ನು ಪಕ್ಕಕ್ಕೆ ಸರಿಸಿ, ಮೆಟ್ಟಿಲು ಹತ್ತಿ, ಡ್ರೈವರ್ ಸೀಟಿನಲ್ಲಿ ಕೂತಳು.

ಐದಡಿಯೂ ತುಂಬದ ಅಮ್ಮನಿಗೆ ಸೀಟು ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

‘ಕಾಲು ಎಲ್ಲಿಡ್ತಿದ್ರು?’ ಎಂದಳು ಅಮ್ಮ.

‘ಯಾರಮ್ಮ?’

‘ಇನ್ಯಾರೇ, ನಿಮ್ಮಪ್ಪ. ಮಂಚದಲ್ಲಿ ಮಲಗಿದ್ರೆ ಮೊಣಕಾಲಿಂದ ಕೆಳಗೆ ಹೊರಗೇ ಇರೋದು. ಸ್ಟೂಲು ಇಡ್ತಿದ್ದೆ ಕಾಲಿಗೆ. ಇಷ್ಟು ಜಾಗದಲ್ಲಿ ಆ ಮನುಷ್ಯನ್ನ ಮಡಚಿ ಇಟ್ಟಿದ್ರಾ?’

ಗ್ರೀಸಮ್ಮನ ಕೈಯಲ್ಲಿ ಗ್ರೈಂಡರ್ ಇನ್ನೂ ತಿರುಗುತ್ತಿತ್ತು. ಅವಳು ಅದರ ಗುಂಡಿಯನ್ನು ಹುಡುಕಿ ಒತ್ತಿದಳು. ಷೆಡ್ಡಿನಲ್ಲಿ ಹಿಂದುಗಡೆಯ ವೆಲ್ಡಿಂಗಿನ ಚಿಟಪಟ ಮಾತ್ರ ಉಳಿಯಿತು. ಆಮೇಲೆ ಅದೂ ನಿಂತಿತು.

ಮೂರು ದಿನ. ಮೂರು ದಿನದಿಂದ ಸಾಕ್ಷಿ ಅವಳ ಮೊಣಕಾಲಿಗೆ ಬಡಿದು ಬಡಿದು ಹೇಳುತ್ತಿತ್ತು, ಅವಳು ಅದನ್ನು ಬೈಯುತ್ತಿದ್ದಳು. ಇನ್ನೊಂದು ನಿಮಿಷ ಅಮ್ಮ ತಡವಾಗಿದ್ದರೆ ಕೈಯಾರೆ ಕೊಯ್ದು ಗುಜರಿಗೆ ಎಸೆಯುತ್ತಿದ್ದಳು. ಗಾಡಿ ಮುಳುಗಿದಾಗ ಸೀಟು ಮುಂದಿತ್ತು. ಆರಡಿ ಮೀರಿದ ಅಪ್ಪ ಆ ಸೀಟಿನಲ್ಲಿ ಕೂತಿರಲಿಲ್ಲ. ಕಂಪನಿಯ ಹಳೇ ಫೋಟೋದಲ್ಲಿ ಅಪ್ಪನ ಎದೆಮಟ್ಟಕ್ಕೆ ಬರುವವನೊಬ್ಬನಿದ್ದ, ಟೋಪಿ ಸೇರಿಸಿದರೂ ಭುಜ ಮುಟ್ಟದವನು. ಸರ್ವೇ ಸಾಹೇಬ.

ಡ್ರೈವರ್ ಬದಿಯ ಚಕ್ರವನ್ನು ಡ್ರೈವರ್ ಮರೆಯಲಿಲ್ಲ. ಆ ಬದಿಯಲ್ಲಿ ಡ್ರೈವರೇ ಇರಲಿಲ್ಲ.

ಪಕ್ಕದ ಬದಿಯಲ್ಲಿ ಮಾತ್ರ, ತನ್ನ ಕೆಲಸ ಕೂದಲೆಳೆಯಷ್ಟೂ ತಪ್ಪದ ಒಬ್ಬನಿದ್ದ.

‘ಮಾವ,’ ಎಂದಳು. ದನಿ ಏರಲಿಲ್ಲ. ‘ಸ್ವಲ್ಪ ಮುಂದಕ್ಕೆ ಬಾ.’

ಮುಸುಕು ಎತ್ತಿಕೊಂಡು ಮಾವ ಗಾಡಿಯ ಹಿಂದಿನಿಂದ ಇಣುಕಿದ. ಸೀಟಿನಲ್ಲಿ ಕೂತ ಅಕ್ಕನನ್ನು ನೋಡಿ ಅಲ್ಲೇ ನಿಂತ. ಐವತ್ತೊಂದು ವರ್ಷದ, ಕಬ್ಬಿಣದಂಥ ಆಸಾಮಿ; ಮುಖ ಮಾತ್ರ ಟೀಚರಿಗೆ ಸಿಕ್ಕಿಬಿದ್ದ ಹುಡುಗನದಾಗಿತ್ತು.

‘ಪಕ್ಕದ ಬದಿ ಬಿಲ್ಲೆ ಯಾರು ತಿರುಗಿಸಿದ್ದು?’

‘ಯಾವ ಬಿಲ್ಲೆ?’

‘ಮಾವ, ನೀನು ಬಿಗಿದ ನಟ್ಟನ್ನ ನಾನು ಕಣ್ಣು ಮುಚ್ಚಿ ಗುರುತು ಹಿಡೀತೀನಿ. ಮೂವತ್ತೆರಡು ವರ್ಷ ನೀರಲ್ಲಿದ್ರೂ ಹಿಡೀತೀನಿ. ಡೇರೆ ಕಾಯ್ತಿದ್ದೆ ಅಂದ್ಯಲ್ಲ, ಡೇರೆಯಿಂದ ಕೈ ಇಲ್ಲೀವರೆಗೂ ಉದ್ದ ಬಂತಾ?’

ಮಾವ ಕೈಗವಸು ಕಳಚಿದ. ಒಂದನ್ನು ಬೆಂಚಿನ ಮೇಲಿಟ್ಟ. ಇನ್ನೊಂದನ್ನು ಎಲ್ಲಿಡುವುದೆಂದು ತಿಳಿಯದೆ ಹಿಂಡುತ್ತಾ ನಿಂತ.

ಆಮೇಲೆ ಹೇಳಿದ. ಅವಳಿಗಲ್ಲ, ಅಕ್ಕನಿಗೂ ಅಲ್ಲ, ಆ ಬಿಲ್ಲೆಗೆ ಹೇಳಿದ. ರಾತ್ರಿಯಲ್ಲ, ಬೆಳಿಗ್ಗೆ ಎಂಟೂವರೆ. ಹೊಳೆ ಉಕ್ಕಿತ್ತು. ನೀರು ಇಳಿಯಲಿ, ನಾಳೆ ದಾಟೋಣ ಎಂದು ಭಾವ ಹೇಳಿದ. ಗಣಿಯ ಜಾಗ ಗುರುತು ಮಾಡಿ ನಾಡಿದ್ದರೊಳಗೆ ನಕ್ಷೆ ಕಳಿಸಬೇಕೆಂದು ಮೇಲಿನಿಂದ ಹುಕುಂ ಬಂದಿದೆ ಎಂದು ಸಾಹೇಬ ಕುಣಿದ. ಜೀವ ಹೊತ್ತು ಓಡಿಸುವವನು ನಾನು, ಇವತ್ತು ಇಳಿಸಲ್ಲ ಎಂದು ಭಾವ ಗಾಡಿಯಿಂದ ಇಳಿದು, ದೂರದ ಬಂಡೆಯ ಮೇಲೆ ಬೆನ್ನು ತಿರುಗಿಸಿ ಕೂತ. ಸಾಹೇಬ ಸೀಟನ್ನು ಮುಂದೆ ಎಳೆದುಕೊಂಡು ಸ್ಟಿಯರಿಂಗ್ ಹಿಡಿದ. ಬಿರಡೆ ಹಾಕೋ ಎಂದು ಇವನಿಗೆ ಹೇಳಿದ. ಆಗ ಇವನಿಗೆ ಹತ್ತೊಂಬತ್ತು. ಸಾಹೇಬರು ಹೇಳಿದರೆ ಹಾಕುವುದೇ.

‘ಬಿರಡೆ ಹಾಕಿದೆ. ನನ್ನ ಬದಿ ಚಕ್ರ ಹಿಡಿಸಿದೆ. ಆಮೇಲೆ…’ ಮಾವನ ಕೈ ತಾನಾಗಿಯೇ ಬಾನೆಟ್ಟಿನ ಕಡೆ ಎದ್ದು, ಗಾಳಿಯಲ್ಲೇ ನಿಂತಿತು. ‘ಹೊಡೆದೆ. ಎರಡು, ಒಂದು.’

‘ಆ ಬದಿ ನೋಡಲಿಲ್ವಾ?’

‘ಆ ಬದಿ ನಂದಲ್ಲ ಪುಟ್ಟಿ. ನಾನು ಯಾವತ್ತೂ ನೋಡಿದವನೇ ಅಲ್ಲ. ಅಲ್ಲಿ ಭಾವ ಇಲ್ಲ ಅನ್ನೋದು ಕಣ್ಣಿಗೆ ಗೊತ್ತಿತ್ತು. ಕೈಗೆ ಗೊತ್ತಾಗಲಿಲ್ಲ.’

ನಡುನೀರಿನಲ್ಲಿ ಗಾಡಿ ಕೂತಿತು. ಹಿಂದಿನ ಚಕ್ರಗಳ ಹಿಡಿತ ತಪ್ಪಿ ಗಾಡಿ ಅಡ್ಡ ತಿರುಗಿತು. ಸಾಹೇಬನ ಕೂಗು ಕೇಳಿ ಬಂಡೆಯಿಂದ ಭಾವ ಎದ್ದು ಓಡಿ ಬಂದು ಧುಮುಕಿದ. ಒಂದು ಸಲ ಎರಡು ತಲೆ ಕಂಡವು. ಇನ್ನೊಂದು ಸಲ ನೋಡಿದಾಗ ಬರೀ ನೀರು. ಮಾರನೆಯ ದಿನ ಕಂಪನಿಯವರು ಕಾಗದ ತಂದರು. ನೀನು ತಟ್ಟಿದ್ದಕ್ಕೇ ಸಾಹೇಬರು ಇಳಿಸಿದ್ದು, ಎರಡು ಕೊಲೆ ನಿನ್ನ ತಲೆಗೆ. ಡೇರೆಯಲ್ಲಿದ್ದೆ ಎಂದು ಸಹಿ ಹಾಕಿದರೆ ಬಿಡುತ್ತೇವೆ ಎಂದರು. ಹಾಕಿದ.

ಆಜ್ಞೆ ಕೊಟ್ಟವನು ಧೀರನಾದ. ಆಗುವುದಿಲ್ಲ ಎಂದವನು ಕುಡುಕನಾದ. ತಟ್ಟಿದ ಹುಡುಗ ಮೂಗನಾದ. ಕಂಪನಿಯ ಕಡತ ಮುಚ್ಚಿಕೊಂಡಿತು.

ಗ್ರೀಸಮ್ಮನಿಗೆ ಈ ಮನುಷ್ಯನನ್ನು ಹೊಡೆಯಬೇಕೋ ಹಿಡಿದುಕೊಳ್ಳಬೇಕೋ ತಿಳಿಯಲಿಲ್ಲ. ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದ ಕೈ ಅದು. ಅಪ್ಪನನ್ನು ಮುಳುಗಿಸಿದ ಕಾಗದಕ್ಕೆ ಸಹಿ ಹಾಕಿದ್ದೂ ಅದೇ. ಅಪ್ಪ ಗೆದ್ದನೆಂದು ಖುಷಿಪಡಲು ಹೋದರೆ ಮಾವ ಅಡ್ಡ ನಿಂತಿದ್ದ.

ಅಮ್ಮ ಸ್ಟಿಯರಿಂಗಿನ ಮೇಲಿದ್ದ ಧೂಳನ್ನು ಬೆರಳಿನಿಂದ ಒರೆಸುತ್ತಿದ್ದಳು. ಬಹಳ ಹೊತ್ತು ಒರೆಸಿದಳು.

‘ಅವರು ಕುಡಿದಿರಲಿಲ್ಲ ಅಂತ ನಿಂಗೆ ಗೊತ್ತಿತ್ತು,’ ಎಂದಳು ಕೊನೆಗೆ. ‘ಕುಡುಕನ ಹೆಂಡತಿ ಅಂತ ನಿನ್ನೆದುರಿಗೇ ಎಷ್ಟು ಜನ ಅಂದಿಲ್ಲ. ನೀನು ನೆಲ ನೋಡ್ತಿದ್ದೆ. ನನ್ನ ಪರವಾಗಿ ಸಂಕಟ ಪಡ್ತಾನೆ ಅಂದ್ಕೊಂಡಿದ್ದೆ ಕಣೋ.’

‘ಅಕ್ಕ…’

‘ಡಬ್ಬಿಯಲ್ಲಿ ನಿಂದೂ ಊಟ ಇದೆ. ಆರೋಗ್ತದೆ.’

ಹೊಡೆದಿದ್ದರೆ ಮಾವ ತಡೆದುಕೊಳ್ಳುತ್ತಿದ್ದನೇನೋ. ಇದನ್ನು ತಡೆಯಲಾಗಲಿಲ್ಲ. ಗಾಡಿಯ ಮೆಟ್ಟಿಲ ಮೇಲೆ, ಅಕ್ಕನ ಕಾಲ ಬುಡದಲ್ಲಿ ಕೂತುಬಿಟ್ಟ. ಕಂಪನಿಯೆದುರು ಇದನ್ನೇ ಹೇಳ್ತೀಯಾ ಎಂದು ಗ್ರೀಸಮ್ಮ ಕೇಳಿದಳು. ಹೇಳುತ್ತೇನೆ ಎಂಬಂತೆ ತಲೆಯಾಡಿಸಿದ.

ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು.

ಬಂದವನು ಕೋಟು. ಕಂಪನಿಯ ಮಾಲೀಕರ ಮೊಮ್ಮಗ; ಎಂಥ ಸೆಕೆಯಲ್ಲೂ ಕೋಟು ಬಿಚ್ಚದ್ದಕ್ಕೆ ಗ್ರೀಸಮ್ಮ ಕಟ್ಟಿದ ಹೆಸರು ಅದು. ಕೆಟ್ಟವನೇನಲ್ಲ. ಮೊದಲ ಸಲ ಬಂದಾಗ, ನಾನು ಮೂರು ವರ್ಷದ ಕೂಸಾಗಿದ್ದಾಗ ಮುಳುಗಿತಂತೆ ಈ ಗಾಡಿ ಎಂದು ನಕ್ಕಿದ್ದ. ಅದೇ ವರ್ಷ ಮೂರು ತುಂಬಿ ಬೀದಿಗೆ ಬಿದ್ದ ಇನ್ನೊಬ್ಬಳು ಎದುರಿಗೇ ನಿಂತಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

ಕಂಕುಳಲ್ಲಿ ಕಾಗದ ಸುತ್ತಿದ ಫಲಕವಿತ್ತು. ಅದನ್ನು ಮಡ್ಗಾರ್ಡಿನ ಮೇಲೆ ಒರಗಿಸಿ, ಹೊಸ ಬಣ್ಣ ಹೊಳೆಯುವ ಮುದುಕಿಯನ್ನು ಕಂಡು ಕಣ್ಣರಳಿಸಿದ. ನಾಲ್ಕು ಸ್ಕ್ರೂ ಹಾಕಿಬಿಡಿ ಮೇಡಂ, ಬೆಳಿಗ್ಗೆ ಏಳಕ್ಕೆ ಟ್ರೇಲರ್ ಬರುತ್ತದೆ ಎಂದ. ಸ್ಕ್ರೂ ಹಾಕುವ ಮೊದಲು ಒಂದು ಮಾತಿದೆ ಸಾರ್ ಎಂದು ಗ್ರೀಸಮ್ಮ ಗಂಟಲು ಸರಿಮಾಡಿಕೊಂಡಳು. ಎಲ್ಲಿಂದ ಶುರು ಮಾಡುವುದು? ಬಿರಡೆ, ಚಕ್ರ, ಸೀಟು, ಮಾವ. ಸರಪಳಿ ಈಗ ಪೂರ್ತಿಯಿತ್ತು. ಎಲ್ಲೂ ಕೊಂಡಿ ಸಡಿಲವಿರಲಿಲ್ಲ.

ಕೋಟು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹೊಸ ಆಟಿಕೆ ಕಂಡ ಮಗುವಿನಂತೆ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಪಕ್ಕದ ಬದಿಯ ಬಾಗಿಲು ತೆಗೆದು, ಹಾಕಿ, ಅದು ಗಟ್ಟಿಯಾಗಿ ಮುಚ್ಚಿದ ಸದ್ದಿಗೆ ಮೆಚ್ಚಿ ತಲೆದೂಗಿದ. ಆಮೇಲೆ ಬಾನೆಟ್ಟಿನ ಮೇಲೆ ಕೈಯಿಟ್ಟ.

ಟಕ್, ಟಕ್, ಧಪ್.

ಮಾವ ತಲೆಯೆತ್ತಿದ.

ಗ್ರೀಸಮ್ಮ ಆಡಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲೋ ಉದುರಿಹೋಯಿತು. ‘ಅದನ್ನ… ಎಲ್ಲಿ ಕಲಿತ್ರಿ ಸಾರ್?’

‘ಯಾವುದನ್ನ? ಓ, ಇದಾ.’ ಕೋಟು ತನ್ನ ಕೈಯನ್ನು ತಾನೇ ನೋಡಿಕೊಂಡು ನಕ್ಕ. ‘ಅಭ್ಯಾಸ ನೋಡಿ. ಅಜ್ಜನ ತೋಟದ ಮನೇಲಿ ಒಬ್ಬರು ಡ್ರೈವರ್ ಇದ್ರು. ನಾನು ನಾಲ್ಕನೇ ಕ್ಲಾಸಲ್ಲಿದ್ದಾಗ ಸ್ಕೂಲಿಗೆ ಬಿಡ್ತಿದ್ರು. ನನ್ನ ಬದಿ ಬಾಗಿಲು ಹಾಕಿ ನಾನು ಹೀಗೆ ಹೊಡೀಬೇಕು, ಆಮೇಲೆ ಅವರು ಅವರ ಬದಿಯಿಂದ ಹೊಡೆಯೋರು. ಅಲ್ಲೀತನಕ ಗಾಡಿ ಹೊರಡ್ತಾನೇ ಇರಲಿಲ್ಲ. ಮಾತು ಬರ್ತಿರಲಿಲ್ಲ ಪಾಪ ಅವರಿಗೆ. ತಲೆಗೆ ಏನೋ ಏಟು ಬಿದ್ದಿತ್ತಂತೆ.’

ನಾಲ್ಕನೇ ಕ್ಲಾಸು. ಇವನಿಗೆ ಮೂರು ವರ್ಷವಿದ್ದಾಗ ಮುಳುಗಿದ ಗಾಡಿ. ಗ್ರೀಸಮ್ಮ ಬೆರಳು ಮಡಚಿ ಎಣಿಸಿದಳು: ಮುಳುಗಿ ಆರು ವರ್ಷದ ಮೇಲೆ. ಇಷ್ಟು ಹೊತ್ತು ಕೊಂಡಿಗೆ ಕೊಂಡಿ ಸೇರಿದ್ದ ಸರಪಳಿ ಕಣ್ಣೆದುರಿಗೇ ಕಳಚಿ ಬಿತ್ತು.

ಸ್ಟಿಯರಿಂಗಿನ ಹಿಂದಿನಿಂದ ಅಮ್ಮ ನಿಧಾನವಾಗಿ ಕೆಳಗಿಳಿದಳು. ಮೆಟ್ಟಿಲ ಮೇಲಿದ್ದ ತಮ್ಮನ ಭುಜ ಹಿಡಿದುಕೊಂಡೇ ಇಳಿದಳು. ಬಾನೆಟ್ಟಿನ ಈಚೆ ನಿಂತು, ಲಾಂಡ್ರಿಯಲ್ಲಿ ಗಿರಾಕಿಯ ಅಂಗಿಯ ಅಳತೆ ಕೇಳುವ ದನಿಯಲ್ಲಿ ಕೇಳಿದಳು.

‘ಆ ಡ್ರೈವರು ಎಷ್ಟು ಎತ್ತರ ಇದ್ರಪ್ಪಾ?’

ಕೋಟು ಮುಗುಳ್ನಗುತ್ತಾ ಕೈಯೆತ್ತಿದ. ಅಂಗೈ ಬಾನೆಟ್ಟನ್ನು ದಾಟಿತು, ಅವನ ಹೆಗಲನ್ನು ದಾಟಿತು, ಅವನ ತಲೆಯನ್ನೂ ದಾಟಿ ಮೇಲೆ ಹೋಗಿ, ಅಲ್ಲಿ ನಿಂತಿತು.